ಎತ್ತಿಲ್ಲದ ಬಂಡಿ

ಕಿಟಕಿಯ ಕೆಳಗಿನ ಹಲಗೆಯ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ಪಕ್ಕದಲ್ಲಿ ಅಂಗಾತ ಬಿದ್ದಿದೆ; ಅದರ ಒಳಮೈಯಲ್ಲಿ ಜಗಳೂರಿನ ಬೆಳಗಿನ ಬಿಸಿಲು ಅಂಗೈಯಗಲ ಕೂತಿದೆ. ಡಬ್ಬಿಯ ಮೇಲಿನ ಚಿತ್ರದ ಮಗು ಬಣ್ಣ ಮಾಸಿ, ಒಂದು ಕೆನ್ನೆ ಕಳೆದುಕೊಂಡೂ ನಗುತ್ತಿದೆ. ಒಳಗೆ ಎರಡು ನುಸಿಗುಳಿಗೆ, ನೀಲಿ ನೂಲಿನ ಒಂದೆಳೆ. ಮತ್ತೇನೂ ಇಲ್ಲ. ಅಂಚಿನವರೆಗೆ ಹತ್ತಿಬಂದ ಇರುವೆಯೊಂದು, ಈ ಶೂನ್ಯದಲ್ಲಿ ತನಗೇನು ಕೆಲಸವೆಂದು ಯೋಚಿಸುತ್ತ ನಿಂತಿದೆ.

ಡಬ್ಬಿಯ ಮುಂದೆ ನಿಂತ ಗುರುಸ್ವಾಮಿಯೂ ಆ ಚಿತ್ರದ್ದೇ ಒಂದು ಭಾಗದಂತಿದ್ದರು. ಕೈಯಲ್ಲಿ ಫೋನು. ಬಾಯಿ ಅರ್ಧ ತೆರೆದಿತ್ತು.

ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಪರರ ಕಾಗದಗಳಿಗೆ ಮುದ್ರೆಯೊತ್ತಿ ನಿವೃತ್ತರಾದ ಅವರಿಗೆ ಇದ್ದದ್ದು ಒಂದೇ ಹುಚ್ಚು: ಗಗನಯಾತ್ರಿಗಳು ಅಂಗಿಯ ಎದೆಗೆ ಹೊಲಿಸಿಕೊಳ್ಳುವ ಕಸೂತಿಯ ಪ್ಯಾಚುಗಳು. ಒಂದೊಂದು ಯಾತ್ರೆಗೆ ಒಂದೊಂದು. ಅಂಚೆಯಲ್ಲಿ ತರಿಸಿದ ಪ್ರತಿಕೃತಿಗಳೇ ಆದರೂ, ಇಪ್ಪತ್ತಮೂರನ್ನೂ ಅವರು ಹೆತ್ತ ಮಕ್ಕಳಂತೆ ಆಲ್ಬಮ್ಮಿನಲ್ಲಿ ಮಲಗಿಸಿದ್ದರು. ಬದುಕಿನಲ್ಲಿ ಉಳಿದ ಆಸೆಯೂ ಒಂದೇ. ಹೊನ್ನಾಳಿಯಲ್ಲಿ ನಿವೃತ್ತ ಉಪನ್ಯಾಸಕ ಮರುಳಸಿದ್ದಪ್ಪನವರು ಕಟ್ಟುತ್ತಿದ್ದ ವಿಜ್ಞಾನ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರ ಕೆಳಗೊಂದು ಚೀಟಿ: 'ಸಂಗ್ರಹ: ಗುರುಸ್ವಾಮಿ, ಜಗಳೂರು.' ಮೂರು ವರ್ಷದ ಹಿಂದೆಯೇ ಆಲ್ಬಮ್ಮಿನ ಫೋಟೋ ಕಳಿಸಿ, ಬಾರದ ಮಳೆಗೆ ಕಾದ ಹಾಗೆ ಕಾದಿದ್ದರು.

ಈಗಷ್ಟೇ ಆ ಮಳೆ ಫೋನಿನಲ್ಲಿ ಸುರಿದಿತ್ತು.

"ಫೋಟೋ ನೋಡಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ ಕಣ್ರೀ ಗುರುಸ್ವಾಮಿ," ಎಂದಿದ್ದರು ಮರುಳಸಿದ್ದಪ್ಪ. "ಪೆಟ್ಟಿಗೆ ಖಾಲಿ ಐತೆ. ನಾಲ್ಕಕ್ಕೆ ಬರ್ತೀನಿ. ಈಗ ಹೆಂಗೈತೋ ಹಂಗೇ ಇರ್ಲಿ. ಒಂದು ನೂಲೂ ಎಳೀಬ್ಯಾಡ್ರಿ."

ಕಸೂತಿಯ ಬೆಲೆ ಬಲ್ಲವರು, ಎಂದುಕೊಂಡು ಡಬ್ಬಿ ತೆಗೆದಿದ್ದರು ಗುರುಸ್ವಾಮಿ.

"ವನಜಾಕ್ಷಿ, ಇದರಾಗಿದ್ದವು ಎಲ್ಲಿ?"

ಹೆಂಡತಿ ಅಡುಗೆಮನೆಯಿಂದಲೇ ಉತ್ತರಿಸಿದಳು. "ನಾನು ಹದಿನೈದು ದಿನ ತ್ಯಾವಣಿಗೆಗೆ ಹೋಗಿದ್ದೆ. ನನ್ನ ಚಿಂದಿ ಡಬ್ಬಿ ತುಂಬಿದ್ದು ತುಂಬಿದಂಗೇ ಐತೆ. ನಿಮ್ಮದರ ಕತೆ ನಿಮಗೇ ಗೊತ್ತು."

ಗೊತ್ತಾಯಿತು. ತಲೆಗೆ ತಣ್ಣೀರು ಹೊಯ್ದಂತೆ ಗೊತ್ತಾಯಿತು. ಆಲ್ಬಮ್ಮಿಗೆ ಬೂಷ್ಟು ಹಿಡಿದಿದೆಯೆಂದು ಪ್ಯಾಚುಗಳನ್ನು ಹೆಂಡತಿಯ ಚಿಂದಿ ಡಬ್ಬಿಯಂಥದ್ದೇ ಇನ್ನೊಂದು ಡಬ್ಬಿಗೆ ತುಂಬಿಟ್ಟಿದ್ದರು. ಅದೇ ವಾರ ಎದುರುಮನೆಯ ಹುಲಿಗೆಮ್ಮ, ಮೊಮ್ಮಗನಿಗೆ ಕೌದಿ ಹೊಲಿಯಲು ಮನೆಮನೆಯಿಂದ ತುಂಡುಬಟ್ಟೆ ಕೇಳುತ್ತ ಬಂದಿದ್ದಳು. ಕೂಸಿನ ಕೌದಿಗೆ ಬೀದಿಯ ಪ್ರತಿ ಮನೆಯ ಬಟ್ಟೆಯೂ ಬೀಳಬೇಕು, ಇಲ್ಲವೆನ್ನುವಂತಿಲ್ಲ. ಗುರುಸ್ವಾಮಿ ಪತ್ರಿಕೆಯಿಂದ ಕಣ್ಣೆತ್ತದೆ, "ಹಲಗೆ ಮ್ಯಾಲಿನ ಡಬ್ಬ್ಯಾಗೈತೆ, ಎಲ್ಲಾ ತಗೊಂಡೋಗ್ರಿ," ಎಂದಿದ್ದರು.

ಬೀದಿ ದಾಟಿದಾಗ ಹುಲಿಗೆಮ್ಮನ ಜಗುಲಿಯಲ್ಲಿ ಕೌದಿ ಹಾಸಿತ್ತು. ಕೌದಿಯ ಮೇಲೆ ಗಗನಯಾತ್ರೆಗಳೆಲ್ಲ ಸಾಲಾಗಿದ್ದವು. ಅವುಗಳ ಮೇಲೆ ಕೂಸು ಮಲಗಿ, ಕಾಲ್ಬೆರಳನ್ನು ಬಾಯಿಗೊಯ್ಯುವ ಕಠಿಣ ಪ್ರಯೋಗದಲ್ಲಿ ಮುಳುಗಿತ್ತು.

"ಬರ್ರಿ ಗುರುಸ್ವಾಮ್ಯೋರೆ," ಎಂದಳು ಹುಲಿಗೆಮ್ಮ. "ಊರಾಗೆ ಎಲ್ಲಾರೂ ಹಳೇ ಲಂಗ, ಹರಕು ಪಂಚೆ ಕೊಟ್ರು. ನೀವೊಬ್ರು ಹೊಸಾವು ಕೊಟ್ರಿ. ನನ್ನ ಮಗಳು ಅರುಣಾ ಫೋಟೋ ತೆಗೆದು ಎಲ್ಲಾರಿಗೂ ಕಳಿಸ್ಯಾಳೆ."

"ಅವು ಚಿಂದಿಯಲ್ಲ ಹುಲಿಗೆಮ್ಮ. ವಾಪಸ್ ಬೇಕು."

ಕೂಸು ಆ ಕ್ಷಣದಲ್ಲೇ ಕೌದಿಯನ್ನು ಒದ್ದೆ ಮಾಡಿತು. ಗುರುಸ್ವಾಮಿ ಕಣ್ಣು ಮುಚ್ಚಿಕೊಂಡರು.

"ಇದೊಂದು ನೋಡ್ರಿ ಮೊದ್ಲು," ಎಂದು ಹುಲಿಗೆಮ್ಮ ಮೂಲೆಯನ್ನೆತ್ತಿ ತೋರಿಸಿದಳು. ಅದು ಅವರ ಮುದ್ದಿನ ಪ್ಯಾಚು. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಇಬ್ಬರು ಅಮೆರಿಕನ್ನರು ಎಂಟು ದಿನದ ಯಾನಕ್ಕೆ ಹೊರಟಾಗ ಕಮಾನುಬಂಡಿಯ ಚಿತ್ರ ಬರೆಸಿ, 'ಎಂಟು ದಿನ, ಇಲ್ಲವೇ ದಿವಾಳಿ' ಎಂದು ಹೊಲಿಸಿಕೊಂಡಿದ್ದರು. ಎಂಟು ದಿನ ಆಗದಿದ್ದರೆ ಮಾನ ಹೋದೀತೆಂದು ಮೇಲಿನವರು ಆ ಮಾತಿನ ಮೇಲೆ ಒಂದು ಬಟ್ಟೆಯ ಚೂರು ಹೊಲಿಸಿದ್ದರು. ಈ ಕತೆಯನ್ನು ಗುರುಸ್ವಾಮಿ ಬೀದಿಗೆಲ್ಲ ಹೇಳಿದ್ದರು. ಈಗ ಆ ಬಂಡಿಯ ಮುಂದೆ ಎರಡು ಎತ್ತುಗಳು ನಿಂತಿದ್ದವು; ಕೊಂಬಿಗೆ ಕೆಂಪು ನೂಲಿನ ಗೊಂಡೆ.

"ಬಂಡಿ ಐತೆ, ಎತ್ತೇ ಇಲ್ಲ. ಅಷ್ಟು ದೂರ ಹೆಂಗೆ ಹೋಗ್ತಾರೆ ಪಾಪ ಅಂತ ಕಟ್ಟಿದೆ."

ಗುರುಸ್ವಾಮಿಗೆ ಅಳು ಬರುವುದೊಂದು ಬಾಕಿ. ನಿವೃತ್ತಿಯ ದಿನ ಹೊದಿಸಿದ್ದ ಜರಿ ಶಾಲನ್ನು ಕೌದಿಗೆ ಬದಲಿಯಾಗಿ ಕೊಡುತ್ತೇನೆಂದ ಮೇಲೆ ಹುಲಿಗೆಮ್ಮ ಒಪ್ಪಿದಳು. "ಬಿಚ್ಚಾಕೆ ನನ್ನ ಕೈ ಬರಲ್ಲ. ನೀವೇ ಬಿಚ್ಕಳ್ರಿ."

ಆ ಹೊಲಿಗೆಗಳೋ, ಇರುವೆ ಸಾಲಿನಂತೆ ಒತ್ತೊತ್ತು. ಗುರುಸ್ವಾಮಿಯ ಕನ್ನಡಕಕ್ಕೆ ನೂಲಾವುದು, ಚಂದ್ರನಾವುದು ತಿಳಿಯದಾಯಿತು. ಪಕ್ಕದ ಮನೆಯ ಬೀರಲಿಂಗಪ್ಪ, ಇಪ್ಪತ್ತೈದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು, ಕರೆಯದೆಯೇ ಬ್ಲೇಡು ಹಿಡಿದು ಹುಲಿಗೆಮ್ಮನ ಜಗುಲಿಗೆ ಬಂದು ಕೂತ.

"ಒಳಗೆ ಸರ್ಕೊಳ್ರಿ, ಒಳಗೆ ಸರ್ಕೊಳ್ರಿ. ಏನ್ರೀ ಇದು, ಹದ್ದು ಕಾಲಾಗೆ ಸೊಪ್ಪು ಹಿಡ್ಕಂಡೈತೆ?"

"ಅದು ಶಾಂತಿಯ ಕೊಂಬೆ. ಚಂದ್ರನ ಮೇಲೆ ಮೊದಲು ಇಳಿದವರದು. ಮೂವರೂ ತಮ್ಮ ಹೆಸರು ಬೇಡವೆಂದರು, ದುಡಿದ ಸಾವಿರಾರು ಜನರಿಗೂ ಸಲ್ಲಲಿ ಅಂತ. ಹೆಸರು ಹಾಕಿಸಿಕೊಳ್ಳದಿರುವುದೇ ದೊಡ್ಡತನ, ತಿಳೀತಾ?"

"ನೂರು ಸರ್ತಿ ಹೇಳೀರಿ," ಎಂದ ಬೀರಲಿಂಗಪ್ಪ. ಆ ಮಾತಿನ ಭರದಲ್ಲಿ ಬ್ಲೇಡು ಜಾರಿ ಹದ್ದಿನ ಒಂದು ರೆಕ್ಕೆ ನೆಲಕ್ಕಿಳಿಯಿತು. "ಇರ್ಲಿ ಬಿಡ್ರಿ. ಇಳಿದ ಮ್ಯಾಲೆ ರೆಕ್ಕೆ ಯಾಕೆ?"

ಮೂರೂವರೆಗೆ ಇಪ್ಪತ್ತಮೂರೂ ಬಿಡಿಯಾದವು. ಎತ್ತುಗಳನ್ನು ಗುರುಸ್ವಾಮಿ ಸ್ವತಃ, ಕಾಲಿನಿಂದ ಕೊಂಬಿನವರೆಗೆ, ಎಳೆಯೆಳೆಯಾಗಿ ಕಿತ್ತರು. ವನಜಾಕ್ಷಿ ಒದ್ದೆಯಾದವನ್ನು ಇಸ್ತ್ರಿಯಲ್ಲಿ ಒಣಗಿಸಿದಳು. ಮನೆಯಲ್ಲಿ ತೊಟ್ಟಿಲ ವಾಸನೆ ಹರಡಿತು.

ನಾಲ್ಕಕ್ಕೆ ಸರಿಯಾಗಿ ಬಂದ ಮರುಳಸಿದ್ದಪ್ಪ, ಮೇಜಿನ ಮೇಲೆ ಶಿಸ್ತಾಗಿ ಜೋಡಿಸಿದ್ದ ಪ್ಯಾಚುಗಳನ್ನು ನೋಡಿ ತಲೆಯಾಡಿಸಿದರು. ನಂತರ ಸುತ್ತಲೂ ನೋಡಿದರು.

"ಚಂದ ಐತೆ. ಇಂಥವು ನಮ್ಮ ಕೋಣ್ಯಾಗೂ ಎರಡು ಜೊತೆ ಅವೆ. ಅದೆಲ್ಲಿ?"

"ಯಾವುದು ಸಾರ್?"

"ಕೌದಿ. ನಿಮ್ಮ ಬೀದಿ ಅರುಣಾ ನನ್ನ ಸೊಸೆ ಪುಷ್ಪಾನ ಜೊತೆ ಓದಿದಾಕೆ. ನಿನ್ನೆ ಫೋಟೋ ಕಳಿಸಿದ್ಲು. ಪ್ಯಾಚು ನೋಡಿದ ಕೂಡ್ಲೇ ನಿಮ್ಮವೇ ಅಂತ ಗೊತ್ತಾತು. ಅರವತ್ತು ವರ್ಷ ಎತ್ತಿಲ್ಲದೆ ನಿಂತಿದ್ದ ಬಂಡಿಗೆ ಜಗಳೂರಾಗೆ ಒಬ್ಬಾಕೆ ಎತ್ತು ಕಟ್ಯಾಳೆ ಅಂದ್ರೆ, ಇದಕ್ಕಿಂತ ಏನ್ರೀ ಬೇಕು ಪೆಟ್ಟಿಗೆಗೆ? ಅದಕ್ಕೇ ಅಲ್ವಾ ನೂಲೆಳೀಬ್ಯಾಡ್ರಿ ಅಂದಿದ್ದು."

ಗುರುಸ್ವಾಮಿಯ ಉಗುರಿನ ಸಂದಿಯಲ್ಲಿ ಗೊಂಡೆಯ ಕೆಂಪು ನೂಲು ಇನ್ನೂ ಇತ್ತು. ಅವರು ಕೈಯನ್ನು ಬೆನ್ನ ಹಿಂದೆ ಒಯ್ದರು.

ಶಾಲು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮನೇ ಕಾಪಾಡಿದಳು. "ಇವ್ರು ಬಿಚ್ಚಿಸ್ಯಾರೆ ಸಾ. ಇನ್ನೊಂದ್ಸಲ ಹೊಲೀತೀನಿ, ಅದಕ್ಕೇನಂತೆ? ಪ್ಯಾಚು ಕೊಟ್ರೆ ಸಾಕು."

ಮರುಳಸಿದ್ದಪ್ಪನವರ ಮುಖ ಅರಳಿತು. ಗುರುಸ್ವಾಮಿ ಏನಾದರೂ ಹೇಳುವ ಮೊದಲೇ ವನಜಾಕ್ಷಿ ಇಪ್ಪತ್ತಮೂರನ್ನೂ ಡಬ್ಬಿಗೆ ತುಂಬಿಯಾಗಿತ್ತು. ಜೇಬಿನಿಂದ ಚೀಟಿ ತೆಗೆದು ಮರುಳಸಿದ್ದಪ್ಪ ಬರೆದುಕೊಂಡರು. "ಹೊಲಿದವರು: ಹುಲಿಗೆಮ್ಮ, ಜಗಳೂರು."

ಗುರುಸ್ವಾಮಿ ಮೆಲ್ಲಗೆ ಕೆಮ್ಮಿದರು. "ಕೆಳಗೆ, ಸಣ್ಣಕ್ಷರದಲ್ಲಿ, ಪ್ಯಾಚು ಕೊಟ್ಟವರ..."

"ಬ್ಯಾಡ ಬ್ಯಾಡ ಸಾ," ಎಂದಳು ಹುಲಿಗೆಮ್ಮ, ತುಂಬು ಗೌರವದಿಂದ. "ಅವ್ರ ಮನಸು ನೋಯಿಸಬ್ಯಾಡ್ರಿ. ಹೆಸರು ಹಾಕಿಸ್ಕಳ್ದೆ ಇರೋದೇ ದೊಡ್ಡತನ ಅಂತ ಬೀದಿಗೆಲ್ಲಾ ಪಾಠ ಹೇಳಿದ ಮನುಷ್ಯ. ಮಧ್ಯಾಹ್ನನೂ ಹೇಳಿದ್ರು."

ಮರುಳಸಿದ್ದಪ್ಪ ಪೆನ್ನಿಗೆ ಟೋಪಿ ಹಾಕಿ, ಎದ್ದುನಿಂತು, ಎರಡೂ ಕೈ ಜೋಡಿಸಿದರು. "ನಿಮ್ಮಂಥೋರು ಈ ಕಾಲದಾಗೂ ಇದಾರಲ್ಲ ಗುರುಸ್ವಾಮಿ."

ಗುರುಸ್ವಾಮಿಯೂ ಕೈ ಜೋಡಿಸಬೇಕಾಯಿತು. ಅತಿಥಿಗೆ ವನಜಾಕ್ಷಿ ಕಾಫಿ ತಂದಿಟ್ಟಳು.

ಹುಲಿಗೆಮ್ಮ ಜರಿ ಶಾಲನ್ನು ಹೆಗಲಿಗೇರಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಗುರುಸ್ವಾಮ್ಯೋರೆ, ಎತ್ತು ಈ ಸಲ ಯಾವ ಬಣ್ಣದ್ದು ಹಾಕ್ಲಿ?"

"ಬಿಳೀದು," ಎಂದರು ಗುರುಸ್ವಾಮಿ.

ಅವಳು ಹೊರಗೆ ಹೋದಳು. ಕೈ ಖಾಲಿ ಇರಲಿಲ್ಲವಾದ್ದರಿಂದ ಹಿಮ್ಮಡಿಯಿಂದ ಕದವನ್ನೆಳೆದುಕೊಂಡಳು. ಅದು ಅವಳ ಹಿಂದೆ ಮೆತ್ತಗೆ ಮುಚ್ಚಿಕೊಂಡಿತು.