ಮೂರು ಕುರಿಮರಿಯ ಪೆಟ್ಟಿಗೆ

ನಮ್ಮ ಕಟ್ಟಡದ ಎರಡನೇ ಮಹಡಿಯ ರೈಮೊನ ಬೆಕ್ಕು ಹಿಲ್ಮಾ ಒಮ್ಮೆ ಗೊರಕೆ ಹೊಡೆದರೆ ಸಾಕು, ನಮ್ಮ ಊರು ತಾಂಪೆರೆಯ ಎರಡೂ ಸರೋವರಗಳ ಮಂಜುಗಡ್ಡೆ ಹದಿನೈದು ದಿನ ಮೊದಲೇ ಬಿರುಕು ಬಿಡುತ್ತಿತ್ತು. ಅದರ ಮೇಲೆ ಮೀನು ಹಿಡಿಯಲು ಕೂತವರು ಗಾಳ ಬಿಟ್ಟು ದಡಕ್ಕೆ ಓಡಿಬಂದದ್ದನ್ನು ಕಂಡವರಿದ್ದಾರೆ.

ಇಂಥ ನಿದ್ದೆಗೆ ತಕ್ಕ ಹಾಸಿಗೆ ಬೇಡವೇ? ರೈಮೊನ ಮಗಳು ಮಿನ್ನಾ ಹೆಲ್ಸಿಂಕಿಯಿಂದ ಒಂದನ್ನು ಕಳಿಸಿದಳು. ದುಂಡಗೆ, ಬಿಷಪ್ಪರು ಕೂತರೂ ಏಳಲು ಮನಸ್ಸು ಬಾರದಷ್ಟು ಮೆತ್ತಗೆ. ಹಿಲ್ಮಾ ಅದನ್ನು ಮೂಸಿ, ತೆರಿಗೆಯ ನೋಟಿಸು ಬಂದವರಂತೆ ಮುಖ ಮಾಡಿ, ತನ್ನ ಹಳೆಯ ಪೆಟ್ಟಿಗೆಗೇ ಹೋದಳು.

ಅದು ಮಿನ್ನಾ ಹೊಟ್ಟೆಯಲ್ಲಿದ್ದಾಗ ಸರ್ಕಾರ ಅವಳ ತಾಯಿಗೆ ಕೊಟ್ಟ ರಟ್ಟಿನ ಪೆಟ್ಟಿಗೆ. ಒಳಗಿನ ಅಂಗಿ, ಟೊಪ್ಪಿ ತೆಗೆದರೆ ಅದೇ ಕೂಸಿನ ಹಾಸಿಗೆ. ತಿಳಿನೀಲಿ ಬಣ್ಣ, ಮೇಲೆ ಮೂರು ಕುರಿಮರಿ. ಆ ಚಳಿಗಾಲವಿಡೀ ರೈಮೊ ಅದರ ಅಂಚಿಗೆ ಗಲ್ಲ ಊರಿ ಕೂಸಿನ ಉಸಿರು ಎಣಿಸಿದ್ದ. ಮಿನ್ನಾಳ ಮೊದಲ ಹಲ್ಲಿನ ಗುರುತು ಈಗಲೂ ಆ ಅಂಚಿನಲ್ಲಿತ್ತು.

ಮೇ ತಿಂಗಳ ಆ ಶನಿವಾರ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದಿನ. ಕೆಂಡದ ಮೇಲೆ ಸಾಸೇಜು, ಮೂಲೆಯಲ್ಲಿ ಕಬ್ಬಿಣದ ದೊಡ್ಡ ಕಸದ ತೊಟ್ಟಿ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಅತ್ತಿತ್ತ ನೋಡಿ ಮನೆಗೊಯ್ಯುವುದು, ಎಸೆದವರು ಕಂಡೂ ಕಾಣದಂತಿರುವುದು ಆ ದಿನದ ಮರ್ಯಾದೆ.

ಬೆಳಿಗ್ಗೆಯೇ ಮಿನ್ನಾ ಫೋನು ಮಾಡಿದಳು. "ಅಪ್ಪಾ, ನಾಲ್ಕು ಗಂಟೆಗೆ ಕಾಫಿಗೆ ಬರ್ತೀನಿ. ಹಿಲ್ಮಾ ನಾನು ಕಳಿಸಿದ ಹಾಸಿಗೇಲಿ ಮಲಗಿರೋದನ್ನ ನೋಡ್ಬೇಕು."

"ಅದನ್ನ ಬಿಟ್ಟು ಏಳೋದೇ ಇಲ್ಲ ಕಣಮ್ಮಾ!" ಎಂದುಬಿಟ್ಟ ರೈಮೊ. ಫೋನಿಟ್ಟ ಮೇಲೆ ಬೆವರಿದ.

ಎದುರುಮನೆಯ ಇರ್ಮೆಲಿ ಪೊರಕೆ ಹಿಡಿದೇ ಉಪಾಯ ಹೇಳಿದಳು. "ಹಳೇದು ಕಣ್ಣೆದುರಿಗಿದ್ರೆ ಹೊಸದಕ್ಕೆ ಯಾಕೆ ಹೋಗ್ತಾಳಯ್ಯಾ? ತೊಟ್ಟಿಗೆ ಹಾಕು. ನಿನ್ನ ಕೈಲಾಗಲ್ಲ ಅಂದ್ರೆ ಕೊಡಿಲ್ಲಿ."

ರೈಮೊ ಕಣ್ಣು ಮುಚ್ಚಿ ಹಾಕಿದ. ಕಿಟಕಿಯಿಂದ ನೋಡುತ್ತಿದ್ದ ಹಿಲ್ಮಾ ಬಾಲ ನೆಟ್ಟಗೆ ಮಾಡಿ ಮೆಟ್ಟಿಲಿಳಿದವಳು ಮತ್ತೆ ಕಾಣಲಿಲ್ಲ. ಕಟ್ಟಡದವರೆಲ್ಲ ಹಬೆಸ್ನಾನ ಮಾಡುವ ಸೌನಾದ ಬೆಂಚುಗಳ ಕೆಳಗೆ, ಕಾರುಗಳ ಕೆಳಗೆ, ಎಲ್ಲೂ ಇಲ್ಲ. ಪೆಟ್ಟಿಗೆ ತಂದಿಟ್ಟರೆ ಬಂದಾಳೆಂದು ರೈಮೊ ತೊಟ್ಟಿಗೆ ಹಾರಿದ. ಒಂದು ಕಾಲು ಯಾರದೋ ಮುರುಕು ಲ್ಯಾಂಪಿನೊಳಗೆ ಸಿಕ್ಕಿಕೊಂಡಿತು. ಪೆಟ್ಟಿಗೆ ಮಾಯ.

"ಏನಯ್ಯಾ, ಕೊನೆಗೆ ನಿನ್ನನ್ನೇ ಎಸೆದ್ಬಿಟ್ರಾ?" ಎಂದು ಇರ್ಮೆಲಿ ನಕ್ಕಳು.

ಅಷ್ಟರಲ್ಲಿ ಅಲ್ಲಿಗೆ ಬಂದವನು ಕೆಳಮಹಡಿಯ ಓಸ್ಮೊ. ಹೆಲ್ಸಿಂಕಿಯಿಂದ ಉತ್ತರಕ್ಕೆ ಅಂಥ ಸತ್ಯವಂತ, ಅಂಥ ರೂಪವಂತ ಇನ್ನೊಬ್ಬನಿಲ್ಲ. "ಪೆಟ್ಟಿಗೆನಾ? ನಾನೆಲ್ಲಿ ನೋಡ್ದೆ ಮಾರಾಯಾ!" ಎಂದ ಓಸ್ಮೊ, ರೈಮೊನ ಕಿವಿಯಲ್ಲಿ ಪಿಸುಗುಟ್ಟಿದ: "ಇರ್ಮೆಲಿ ಅಟ್ಟದಲ್ಲಿ ಒಂದ್ಸಲ ಇಣುಕು."

ಇಣುಕಿದರೆ, ಉಲ್ಲನ್ ಉಂಡೆಗಳ ಕೆಳಗೆ ಮೂರು ಕುರಿಮರಿ!

"ಎಸಿ ಅಂದು ನೀನೇ ಹೊತ್ಕೊಂಡು ಬಂದ್ಯಾ?"

"ಬಾಯಿಗೆ ಬಂದಹಾಗೆ ಮಾತಾಡ್ಬೇಡ. ಇದು ನನ್ನ ಮಗ ಪೆಕ್ಕಂದು. ಬೇಕೇ ಬೇಕು ಅಂದ್ರೆ ಆ ದುಂಡನೆ ಹಾಸಿಗೆ ಕೊಟ್ಟು ಒಯ್ಯಿ, ನನ್ನ ನಾಯಿಗಾಗತ್ತೆ."

ಗಂಟೆ ಮೂರೂ ಮುಕ್ಕಾಲು. ರೈಮೊ ಕೊಟ್ಟ, ಒಯ್ದ.

ಸರಿಯಾಗಿ ನಾಲ್ಕಕ್ಕೆ ಮಿನ್ನಾ ಬಂದಳು. ತಾನು ಕೊಟ್ಟ ಹಾಸಿಗೆ ಇಲ್ಲ, ಬೆಕ್ಕಿಲ್ಲ, ಒಲೆಯ ಪಕ್ಕ ಖಾಲಿ ಪೆಟ್ಟಿಗೆ. ಕೂತು ಅದರ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಅಪ್ಪಾ, ನನ್ನ ಹಲ್ಲಿನ ಗುರುತೆಲ್ಲಿ?"

ಆಗ ರೈಮೊನ ತಲೆಗೆ ಹೊಳೆಯಿತು. ಪೆಕ್ಕ, ಮಿನ್ನಾ ಒಂದೇ ವರ್ಷದವರು. ಆ ವರ್ಷದ ಕೂಸುಗಳಿಗೆಲ್ಲ ಅದೇ ನೀಲಿ, ಅದೇ ಕುರಿಮರಿ. ಇರ್ಮೆಲಿ ಹೇಳಿದ್ದು ನಿಜ!

ಕ್ಷಮೆ ಕೇಳಲು ಅಪ್ಪ ಮಗಳು ಹೊರಟು, ಇರ್ಮೆಲಿಯೂ ಸೇರಿ ಮೂವರೂ ಮೆಟ್ಟಿಲಲ್ಲಿದ್ದಾಗ ಅವಳ ನಾಯಿ ಬೊಗಳುತ್ತ ಕೆಳಗೋಡಿ, ಓಸ್ಮೊನ ಅರೆತೆರೆದ ಬಾಗಿಲು ತಳ್ಳಿತು. ಒಳಗೆ ನೆಲದ ಮೇಲೆ ಹಲ್ಲಿನ ಗುರುತಿನ ಪೆಟ್ಟಿಗೆ, ಖಾಲಿ. ಸೋಫಾದಲ್ಲಿ ಅಂಗಾತ ಓಸ್ಮೊ. ಅವನ ಹೊಟ್ಟೆಯ ಮೇಲೆ ಹಿಲ್ಮಾ.

"ಎದ್ದೇಳೋ ಸತ್ಯವಂತಾ!" ಎಂದಳು ಇರ್ಮೆಲಿ.

ಎದ್ದೆ. ಹೌದು, ಆ ಓಸ್ಮೊ ನಾನೇ. ನನ್ನ ಮಗಳ ಪೆಟ್ಟಿಗೆಯನ್ನು ಹತ್ತು ವರ್ಷದ ಹಿಂದೆ ಇಂಥದೇ ಶನಿವಾರ ನಾನೇ ಎಸೆದಿದ್ದೆ. ಕುರಿಮರಿಗಳನ್ನು ಕಂಡಾಗ ಕೈ ತಡೆಯಲಿಲ್ಲ. ಬೆಕ್ಕು ಹಿಂದೆಯೇ ಬಂತು. ಇರ್ಮೆಲಿಯ ಅಟ್ಟದಲ್ಲೂ ಅಂಥದೇ ಒಂದಿದೆಯೆಂದು ಗೊತ್ತಿದ್ದೇ ರೈಮೊನನ್ನು ಅತ್ತ ಕಳಿಸಿದ್ದೆ.

ರೈಮೊ ಬೈಯಲಿಲ್ಲ. ಪೆಟ್ಟಿಗೆಯನ್ನು ಎದೆಗವುಚಿಕೊಂಡು ಒಯ್ದು ಒಲೆಯ ಪಕ್ಕ ಇಟ್ಟ. ಹಿಲ್ಮಾ ಹೋಗಿ ಮೂಸಿದಳು, ತೆರಿಗೆಯ ಮುಖ ಮಾಡಿದಳು, ಮೆಟ್ಟಿಲಿಳಿದು ನನ್ನ ಹೊಟ್ಟೆಗೇ ಮರಳಿದಳು.

ಈ ಕತೆಯನ್ನು ನಾನು ಸೌನಾದ ಹೊರಗೆ ಹೇಳುವಾಗಲೆಲ್ಲ ಇರ್ಮೆಲಿ ತಡೆಯುತ್ತಾಳೆ. "ಹಿಲ್ಮಾ ಉಸಿರಾಡಿದ್ದೂ ಕೇಳಿಸಲ್ಲ. ಗೋಡೆ ನಡುಗೋದು ಯಾರಿಂದ ಅಂತ ಹೇಳು!"

ಸರಿ, ಗೊರಕೆ ನನ್ನದು. ಮಂಜುಗಡ್ಡೆಯೋ, ಪ್ರತಿ ವರ್ಷ ತಾನಾಗಿಯೇ ಬಿರಿಯುತ್ತದೆ.