ಅರ್ಧ ಬೋರ್ಡಿನ ಇತಿಹಾಸ

ಇತಿಹಾಸ ಅಂದ್ರೆ ಮುಗಿದುಹೋದ ಸಂಗತಿ ಅಂತ ಶಾಲೇಲಿ ಕಲಿಸಿದ್ರು. ನನ್ನ ಕೈಗೆ ಸಿಕ್ಕಿದ ಇತಿಹಾಸ ಮಾತ್ರ ಆಗಾಗ ಎದ್ದು ಬಂದು ಏನಾದ್ರೊಂದು ಎಡವಟ್ಟು ಮಾಡಿಯೇ ಹೋಗುತ್ತೆ.

ನನ್ನ ಹೆಂಡತಿಯ ತಮ್ಮ ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ ಪಕ್ಕ ಹೋಟೆಲ್ ನಡೆಸ್ತಾನೆ. ಉಡುಪಿ ಕಡೆಯವನು. ಬಾಗಿಲಲ್ಲಿ ಒಂದು ಕರಿಹಲಗೆ ಇದೆ, ಆದ್ರೆ ಅವನ ಅಕ್ಷರ ಅವನಿಗೇ ಓದೋಕೆ ಬರಲ್ಲ. ಅದಕ್ಕೇ ನಮ್ಮಿಬ್ಬರದೊಂದು ಒಪ್ಪಂದ. ಬೆಳಿಗ್ಗೆ ವಾಕಿಂಗ್ ಬಂದಾಗ ನಾನು ಎಡಗಡೆ ಅವನ ಸ್ಪೆಷಲ್ ತಿಂಡಿ ಬರೀಬೇಕು. ಬಲಗಡೆ ಅರ್ಧ ನನ್ನದು. ಅಲ್ಲಿ ‘ಈ ದಿನ’ ಅಂತ ತಲೆಬರಹ ಹಾಕಿ, ಇದೇ ತಾರೀಕಿಗೆ ಹಿಂದೆ ಏನಾಗಿತ್ತು, ಅದ್ರಲ್ಲಿ ಜನಕ್ಕೆ ಗೊತ್ತಿಲ್ಲದ್ದು ಏನು ಅಂತ ಬರೀತೀನಿ. ಕನ್ನಡದಲ್ಲಿ ಒಂದ್ಸಲ, ಕೆಳಗೆ ಮರಾಠೀಲಿ ಒಂದ್ಸಲ.

ಆಫೀಸಲ್ಲಿ ನನ್ನ ಮಾತು ಯಾರೂ ಕೇಳಲ್ಲ. ಮನೇಲಿ ಬಾಯಿ ತೆರೆದ್ರೆ ಮಗಳು “ಪಪ್ಪಾ, ಬಸ್ ನಾ, ಸಾಕು” ಅಂತಾಳೆ. ಹೀಗಾಗಿ ಲೋಕದಲ್ಲಿ ನನಗೆ ಅಂತ ಇರೋದು ಆ ಅರ್ಧ ಬೋರ್ಡೇ.

ಚಂದ್ರನಿಂದ ಬಂದವರು

ಜುಲೈ ತಿಂಗಳು. ಚಂದ್ರನ ಮೇಲೆ ಇಳಿದವರು ಭೂಮಿಗೆ ವಾಪಸ್ ಬಂದ ದಿನ. ಅವರಿಂದಲೂ ಕಸ್ಟಮ್ಸ್ ಫಾರಂ ತುಂಬಿಸಿದ್ರು, ‘ಏನು ತಂದಿದ್ದೀರಿ’ ಅನ್ನೋ ಕಡೆ ‘ಚಂದ್ರನ ಕಲ್ಲು, ಚಂದ್ರನ ಧೂಳು’ ಅಂತ ಬರೆದಿದ್ರು ಅಂತ ಬರೆದೆ.

ಶಹಾಡ್ ಕಡೆ ಲೋಡಿಂಗ್ ಕೆಲಸ ಮಾಡೋ ಕಲಬುರಗಿಯವರೊಬ್ಬರು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ್ರು. ಗ್ಯಾಸ್ ಕನೆಕ್ಷನ್‌ಗೆ ತಿಂಗಳಿಂದ ಓಡಾಡ್ತಿದ್ದ ಮನುಷ್ಯ.

“ಇದು ಖರೇನ್ರೀ ಸರ?”

“ಖರೇ.”

“ಚಂದ್ರನ ಮ್ಯಾಲಿಂದ ಬಂದೋರಿಗೂ ಬಿಡ್ಲಿಲ್ಲೇನು?”

“ಬಿಡ್ಲಿಲ್ಲ.”

ಅವರ ಮುಖದಲ್ಲಿ ಎಷ್ಟೋ ದಿನಕ್ಕೆ ಒಂದು ಸಮಾಧಾನ ಕಾಣಿಸ್ತು. ಚಹಾ ಕುಡಿದು ಹೊರಟವರು ಮತ್ತೆ ತಿರುಗಿ ಬಂದ್ರು.

“ಸರ, ಒಂದು ಮಾತು. ಅವರು ಅಡ್ರೆಸ್ ಪ್ರೂಫ್ ಏನ್ ಕೊಟ್ರರೀ?”

ಕಾಣೆಯಾದ ಏಕಾದಶಿ

ಸೆಪ್ಟೆಂಬರಲ್ಲಿ ಇಂಗ್ಲೆಂಡಿನ ಕ್ಯಾಲೆಂಡರ್ ವಿಷಯ ಬರೆದೆ. ಅಲ್ಲಿ ಒಂದ್ಸಲ ಎರಡನೇ ತಾರೀಕು ಮಲಗಿದವರು ಎದ್ದಾಗ ಹದಿನಾಲ್ಕನೇ ತಾರೀಕು. ಕ್ಯಾಲೆಂಡರ್ ಸರಿಮಾಡೋಕೆ ಸರ್ಕಾರವೇ ನಡುವಿನ ತಾರೀಕು ತೆಗೆದುಹಾಕಿತ್ತು.

ಸಾನಪಾಡಾದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಉಡುಪಿ ಅಜ್ಜಿ ಇದನ್ನು ಓದಿ ಒಳಗೆ ಬಂದ್ರು.

“ಎಂತ ಮಾರಾಯ, ಆ ನಡುವಲ್ಲಿ ಏಕಾದಶಿ ಇತ್ತಲ್ಲ? ಅದನ್ನು ಯಾವಾಗ ಮಾಡಿದ್ರು?”

ತಾರೀಕು ಮಾತ್ರ ಹೋಯ್ತು, ತಿಥಿ ಹೋಗಲಿಲ್ಲ ಅಂತ ವಿವರಿಸಿದೆ. ಒಪ್ಪಲಿಲ್ಲ. ಮರುದಿನ ಮತ್ತೆ ಬಂದು ಅದೇ ಪ್ರಶ್ನೆ. ಮೂರನೇ ದಿನ ನನಗೂ ಸಾಕಾಯ್ತು. “ಅಜ್ಜಿ, ಇಂಗ್ಲೆಂಡಲ್ಲಿ ಏಕಾದಶಿ ಯಾರೂ ಮಾಡ್ತಿರಲಿಲ್ಲ” ಅಂದೆ.

“ಹಾಗೆ ಹೇಳು! ಮತ್ತೆ ಅವರ ರಾಜ್ಯ ಉಳಿಯೂದು ಹೇಗೆ?”

ಜೆಲ್ಲಿ

ಏಪ್ರಿಲ್ ಹದಿನೈದು, ಟೈಟಾನಿಕ್ ಮುಳುಗಿದ ದಿನ. ಹಡಗಿನ ಕಡೇ ಊಟದಲ್ಲಿ ಫಸ್ಟ್ ಕ್ಲಾಸಿನವರಿಗೆ ಪೀಚ್ ಹಣ್ಣಿನ ಜೆಲ್ಲಿ ಬಡಿಸಿದ್ರು ಅಂತ ಬರೆದೆ. ನನ್ನ ಜೆಲ್ಲಿಯ ಪಕ್ಕದಲ್ಲೇ ಭಾವಮೈದುನನ ನೀರುದೋಸೆ.

ಒಬ್ಬ ಗಿರಾಕಿ ಕೂತು, “ಏಕ್ ನೀರ್ ದೋಸಾ, ಬಾದ್ ಮೇ ವೋ ಪೀಚ್ ಜೆಲ್ಲಿ” ಅಂದ. ವೇಟರ್ ಅಭ್ಯಾಸಬಲದಿಂದ “ಜೆಲ್ಲಿ ಖತಂ” ಅಂದ.

“ಬೆಳಿಗ್ಗೆ ಎಂಟಕ್ಕೇ ಖತಂ? ಮತ್ತೆ ಬೋರ್ಡಲ್ಲಿ ಯಾಕೆ ಹಾಕ್ತೀರಿ?”

ಜಗಳ ಗಲ್ಲಾಪೆಟ್ಟಿಗೆ ತನಕ ಬಂತು. ನನ್ನ ಭಾವಮೈದುನ ಬೆವರು ಒರೆಸಿಕೊಂಡು ಹೇಳಿದ: “ಸಾಬ್, ವೋ ಜಹಾಜ್ ಕೇ ಸಾಥ್ ಡೂಬ್ ಗಯಾ.”

ಹಡಗಿನ ಜೊತೆ ಮುಳುಗಿಹೋಯ್ತು ಅಂತ ಕೇಳಿದ್ದೇ, ಗಿರಾಕಿ ದೋಸೆಯನ್ನೂ ಬಿಟ್ಟು ಎದ್ದುಹೋದ.

“ಭಾವ, ಸಾಕು ಇನ್ನು” ಅಂದ ಇವನು. “ನಾನು ಒಂದು ಫ್ಲೆಕ್ಸ್ ಪ್ರಿಂಟ್ ಮಾಡಿಸ್ತೇನೆ. ಬರೆಯುವ ಕೆಲಸವೇ ಬೇಡ. ನಿಮ್ಮ ಇತಿಹಾಸದಿಂದ ಒಂದು ಜನ ಒಳಗೆ ಬಂದದ್ದು ಉಂಟಾ? ಹೊರಗೆ ಹೋದದ್ದೇ.”

“ನಾಳೆ ಒಂದು ದಿನ ಕೊಡೋ” ಅಂತ ಅಂಗಲಾಚಿದೆ. “ನಾಳೇದು ನಮ್ಮ ಊರಿಂದೇ.”

ಥಾಣೆಗೆ ಮೊದಲ ರೈಲು

ನಾಳೆ ಅಂದ್ರೆ ಏಪ್ರಿಲ್ ಹದಿನಾರು, ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿದ ದಿನ. ಇದ್ದಬದ್ದ ಶ್ರದ್ಧೆಯೆಲ್ಲ ಹಾಕಿ ದುಂಡಗೆ ಬರೆದೆ: ‘ಈ ದಿನ ಥಾಣೆಗೆ ಮೊದಲ ರೈಲು, ಮಧ್ಯಾಹ್ನ 3.35ಕ್ಕೆ.’ ಅದರ ಕೆಳಗೆ ಇಸವಿ 1853. ಅದರ ಕೆಳಗೆ, ಇಷ್ಟು ದೊಡ್ಡ ಸಮಾರಂಭಕ್ಕೆ ಗವರ್ನರ್ ಸಾಹೇಬರೇ ಬರಲಿಲ್ಲ, ಹಿಂದಿನ ಸಂಜೆಯೇ ಗುಡ್ಡದ ಕಡೆ ಹೊರಟುಹೋಗಿದ್ರಂತೆ ಅನ್ನೋ ಸಂಗತಿ. ಎಲ್ಲವನ್ನೂ ಮರಾಠೀಲೂ ಬರೆದು ಮನೆಗೆ ಹೋದೆ.

ಅವತ್ತು ಭಾನುವಾರ. ಆಫೀಸಿನ ಗೆಳೆಯನೊಬ್ಬನ ಗೃಹಪ್ರವೇಶ ಇತ್ತು, ಥಾಣೆಯಲ್ಲೇ. ಸ್ನಾನ ಮಾಡಿ ಬರೋಷ್ಟರಲ್ಲಿ ಹೆಂಡತಿ ಮೊಬೈಲ್ ಹಿಡ್ಕೊಂಡು ನಿಂತಿದ್ದಳು. ನಮ್ಮ ಬಿಲ್ಡಿಂಗ್ ಸೊಸೈಟಿ ಗ್ರೂಪಲ್ಲಿ ಮೆಸೇಜ್: ‘ಮೆಗಾಬ್ಲಾಕ್. ಮೂರೂವರೆ ತನಕ ಥಾಣೆಗೆ ಲೋಕಲ್ ರೈಲಿಲ್ಲ.’

“ಭಾನುವಾರ ಅಲ್ವಾ, ಹಳಿ ರಿಪೇರಿಗೆ ರೈಲು ನಿಲ್ಲಿಸೋದು ಇದ್ದದ್ದೇ” ಅಂದೆ. ಪಾಪ, ಬೇರೆಯವರಿಗೆ ತೊಂದ್ರೆ ಆಗಬಾರದು ಅಂತ ಮತ್ತೆರಡು ಗ್ರೂಪಿಗೆ ನಾನೇ ಫಾರ್ವರ್ಡ್ ಮಾಡಿದೆ. ರಿಕ್ಷಾ ಹಿಡಿದ್ವಿ. ಶೀಳಫಾಟಾದಲ್ಲಿ ಅರ್ಧ ಡೊಂಬಿವಲಿ ನಮ್ಮ ಜೊತೆಗೇ ನಿಂತಿತ್ತು. ಹಾಗೂ ಹೀಗೂ ಮುಂಬ್ರಾ ಬೈಪಾಸ್ ಹತ್ತಿದ್ವಿ. ಅಲ್ಲೂ ಟ್ರಾಫಿಕ್. ಕೆಳಗಡೆ ಒಂದು ಲೋಕಲ್ ಆರಾಮಾಗಿ ಹೋಯ್ತು.

“ಅದೇನು?” ಅಂದಳು ಹೆಂಡತಿ.

“ಲೋಕಲ್.”

“ಯಾವ ಕಡೆ?”

“ಥಾಣೆ ಕಡೆ.”

“ಖಾಲಿ ಇದ್ದ ಹಾಗಿತ್ತಲ್ಲ?”

ಇತ್ತು. ಕಿಟಕಿ ಸೀಟೂ ಖಾಲಿ ಇತ್ತು.

“ಇಂಥಾ ಸುದ್ದಿ ಹಬ್ಬಿಸೋರು ಯಾರಪ್ಪ? ಕೈಗೆ ಸಿಕ್ರೆ ಬಿಡಲ್ಲ ನಾನು” ಅಂದಳು. “ನಾನೂ ಬಿಡಲ್ಲ” ಅಂದೆ.

ಅಷ್ಟರಲ್ಲಿ ಅವಳ ತಮ್ಮನ ಫೋನು.

“ಭಾವ! ಇಡ್ಲಿ ಖಾಲಿ, ವಡೆ ಖಾಲಿ, ಹಾಲು ಎರಡು ಸಲ ತರಿಸಿದೆ. ಕೂತವರು ಏಳೂದೇ ಇಲ್ಲ ಮಾರಾಯ್ರೆ. ಮೂರೂವರೆ ತನಕ ರೈಲಿಲ್ಲ ಅಂತ ಬೋರ್ಡಲ್ಲೇ ಉಂಟಂತೆ!”

ಫೋನನ್ನು ಹೆಂಡತಿಯಿಂದ ಆಚೆ ಕಿವಿಗೆ ಬದಲಾಯಿಸಿದೆ. “ಕೆಳಗೆ ಇಸವಿ ಬರೆದಿದ್ನಲ್ಲೋ?”

“ಎರಡು ಭಾಷೆಯಲ್ಲೂ ರೈಲಿನ ಸಾಲು ಒಂದು ಬಿಟ್ಟು ಉಳಿದದ್ದೆಲ್ಲ ಒರೆಸಿದೆ. ಜಾಗ ಬೇಕಿತ್ತು, ಬಿಸಿಬಿಸಿ ಮೈಸೂರು ಭಜ್ಜಿ ಅಂತ ನಾನೇ ಬರೆದೆ.”

ಅವನ ಭಜ್ಜಿ ಯಾರಿಗೂ ಓದೋಕೆ ಬರಲಿಲ್ಲ. ನನ್ನ ರೈಲು ಎಲ್ಲರಿಗೂ ಬಂತು. ಹೆಂಡತಿ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳಿದೆ: “ಮತ್ತೆ... ಫ್ಲೆಕ್ಸು?”

“ಎಂತ ಫ್ಲೆಕ್ಸ್? ನಾಳೆಯಿಂದ ಪೂರಾ ಬೋರ್ಡ್ ನಿಮಗೆ. ಒಂದೇ ಕಂಡೀಷನ್.”

“ಏನು?”

“ಇಸವಿ ಬರೀಬಾರದು.”