ಗುರಲಿಂಗಪ್ಪನವರಿಗೆ ಗೋಣು ಹಾಕಿದ ಕೋಲೆಬಸವರಿಗೆ

ಜೈನಾಪುರ, ಶ್ರಾವಣ ಮಾಸ, ೧೯೭೪

ಕೊಂಬಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಕನ್ನಡಿ ಹೊಲಿದ ಝೂಲು ಧರಿಸಿ ಬಬಲೇಶ್ವರ ಭಾಗದ ಊರೂರು ತಿರುಗುತ್ತ, ಕೇಳಿದವರಿಗೆಲ್ಲ ಗೋಣು ಹಾಕಿ ಭವಿಷ್ಯ ಹೇಳುವ ಮಾನ್ಯ ಕೋಲೆಬಸವರೇ, ತಮ್ಮ ನಾಲ್ಕೂ ಪಾದಗಳಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ರೇಣುಕವ್ವಳ ಶರಣು. ಮೇವು ಹೊಟ್ಟೆ ತುಂಬ ಸಿಗುತ್ತಿದೆಯೇ? ತಮ್ಮ ಹಗ್ಗ ಹಿಡಿದು ಡೋಲು ಬಾರಿಸುವ ಅಮಸಿದ್ದನವರು ಕ್ಷೇಮವೇ? ತಮಗೆ ಮನೆ, ಮಠ, ಪೋಸ್ಟು ಯಾವುದೂ ಇಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಏಳು ವರ್ಷದ ನನ್ನ ಮಗಳು ಮಲಕವ್ವಳಿಗೆ ಮೂರ್ಛೆರೋಗವಿದೆ. ಗುಳಿಗೆ ಬರೆಯುವವರು ವಿಜಾಪುರದ ಮಕ್ಕಳ ಡಾಕ್ಟರು, ತಲೆ ಪರೀಕ್ಷಿಸುವವರು ಸೊಲ್ಲಾಪುರದ ದೊಡ್ಡ ಡಾಕ್ಟರು, ಔಷಧ ಸಿಗುವುದು ವಿಜಾಪುರದ ಗಾಂಧಿ ಚೌಕದಲ್ಲಿ, ಕೂಸು ಬೀಳುವುದು ಮಾತ್ರ ನಮ್ಮ ಮನೆಯಲ್ಲಿ. ಇಷ್ಟು ಕಡೆಯ ಸಂಗತಿಯನ್ನು ಇಷ್ಟೂ ಕಡೆ ಮುಟ್ಟಿಸಿ ಎಲ್ಲವನ್ನೂ ಹೊಂದಿಸುವ ಒಬ್ಬರನ್ನು ಆರಿಸಿಕೊಳ್ಳಬೇಕೆಂದು ವಿಜಾಪುರದ ಡಾಕ್ಟರು ಖಡಕ್ಕಾಗಿ ಹೇಳಿದ್ದರು. “ಎಲ್ಲಾರೂ ನೋಡ್ಕೋತೀವಿ ಅಂದ್ರ ಯಾರೂ ನೋಡೂದಿಲ್ಲ. ಒಬ್ಬರು ಹೊಣಿ ತಗೋರಿ” ಎಂಬುದು ಅವರ ಮಾತು.

ಆ ಒಬ್ಬರು ಯಾರು ಎಂದು ಮನೆಯಲ್ಲಿ ಜಗ್ಗಾಟ ನಡೆದಿದ್ದಾಗಲೇ ತಾವು ಅಂಗಳಕ್ಕೆ ದಯಮಾಡಿಸಿದಿರಿ. ನಾನು ಹೋಗುತ್ತೇನೆಂದರೆ ಅತ್ತೆ ಕಾಳವ್ವನವರು, “ಹೆಣಮಗಳು ಡಾಕ್ಟರ ಮುಂದ ಏನ್ ಮಾತಾಡ್ತಾಳ? ಬಸವಣ್ಣನ್ನ ಕೇಳೂಣು” ಎಂದರು. ಅಮಸಿದ್ದನವರು ಡೋಲು ಬಾರಿಸಿ ನನ್ನ ಭಾವ ಗುರಲಿಂಗಪ್ಪನವರ ಹೆಸರು ಹೇಳಿದರು, ಭಾವನವರು ಬೆಲ್ಲದ ಹೆಂಟೆ ಹಿಡಿದು ಮುಂದೆ ನಿಂತರು, ತಾವು ಗೋಣು ಹಾಕಿದಿರಿ. ನನ್ನ ಹೆಸರನ್ನು ತಮ್ಮ ಕಿವಿಗೆ ಯಾರೂ ಹಾಕಲೇ ಇಲ್ಲ. ನನ್ನ ಯಜಮಾನರಂತೂ, ಅವರ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬಸವನ ಹಿಂದೆ ಬಾಲ ಎನ್ನುವಂತೆ ತಾವು ಮುಗಿಸಿದ ಮೇಲೆ ಅವರೂ ಒಮ್ಮೆ ಗೋಣು ಹಾಕಿದರು.

ತಮ್ಮ ಆಯ್ಕೆಯನ್ನು ಎಷ್ಟು ಹೊಗಳಿದರೂ ಸಾಲದು ಬಸವರೇ! ಭಾವನವರು ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಪಟಗ ಸುತ್ತಿ, ಮದುವೆಗೆ ಹೊರಟವರ ಹಾಗೆ ಸೊಲ್ಲಾಪುರಕ್ಕೆ ಹೋದರು. ಮಗಳ ಮೂರ್ಛೆ ಹೇಗಿದೆಯೆಂದು ದೊಡ್ಡ ಡಾಕ್ಟರು ಕೇಳಿದರೆ, ಬೆಂಚಿನ ಮೇಲೆ ನಮ್ಮ ಕಡೆಯ ಮಂದಿ ಕುಳಿತಿದ್ದಾರೆಂದು, ನಾಳೆ ಹುಡುಗಿಗೆ ವರ ಸಿಗಬೇಕೆಂದು, ಮನೆತನದ ಮರ್ಯಾದೆ ಉಳಿಸಲು, “ಅಂಥಾದ್ದೇನಿಲ್ರಿ, ಈಗ ಎಲ್ಲಾ ಆರಾಮ ಐತಿ” ಎಂದು ನಗುನಗುತ್ತ ವರದಿ ಒಪ್ಪಿಸಿದರು. ಡಾಕ್ಟರು ಸಂತೋಷಪಟ್ಟು ವಿಜಾಪುರಕ್ಕೆ ಚೀಟಿ ಬರೆದರು, ಗುಳಿಗೆ ಅರ್ಧಕ್ಕಿಳಿಯಿತು. ಇಂಥ ಗುಣ ಯಾವ ಔಷಧದಿಂದ ಬಂದೀತು, ತಾವೇ ಹೇಳಿ!

ಮುಂದಿನ ವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಲಕವ್ವ ಮಗ್ಗುಲಲ್ಲೇ ಬಿದ್ದಳು. ಎಡಗೈ ಒಲೆಗೆ ಹೋಯಿತು. ಇಲ್ಲಿ ನನಗೆ ವಿನಯದ ಮಾತು ಬರುವುದಿಲ್ಲ. ಆ ಹೊತ್ತಿನಲ್ಲಿ ತಾವು ಸಿಕ್ಕಿದ್ದರೆ ಕೊಂಬು ಮುರಿಯುತ್ತಿದ್ದೆ. ಎಚ್ಚರವಾದ ಮೇಲೆ ಕೂಸು ಬೊಬ್ಬೆಯೆದ್ದ ಬೆರಳು ಮುಚ್ಚಿಕೊಂಡು, “ಯವ್ವಾ, ದೊಡ್ಡಪ್ಪಗ ಹೇಳಬ್ಯಾಡ, ಸಿಟ್ಟಾಗ್ತಾನ” ಎಂದಳು. ಬಿದ್ದದ್ದನ್ನು ಮುಚ್ಚಿಡಬೇಕೆಂದು ಏಳು ವರ್ಷಕ್ಕೇ ಕಲಿತಿದ್ದಳು.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಬೇಡಿಕೆಗಳು. ತಾವು ಕೂಡಲೇ ಕಂಪೌಂಡರಿಕೆ ಕಲಿತು, ಸೊಲ್ಲಾಪುರ ರಸ್ತೆ ಹಿಡಿದು ತಿಂಗಳಿಗೊಮ್ಮೆ ನಡೆದು ಹೋಗಿ ಡಾಕ್ಟರ ಎದುರು ಇದ್ದದ್ದನ್ನು ಇದ್ದ ಹಾಗೆ ಗೋಣು ಹಾಕಿ ತಿಳಿಸಬೇಕು. ಬರುವಾಗ ಗಾಂಧಿ ಚೌಕದಲ್ಲಿ ಗುಳಿಗೆ ಕೊಳ್ಳಬೇಕು, ದಾರಿಯಲ್ಲಿ ಅದನ್ನು ಮೇಯಬಾರದು. ಇದಾಗದಿದ್ದರೆ ಗೋಣನ್ನು ಮೇಲೆ ಕೆಳಗೆ ಆಡಿಸಿದಂತೆ ಅಡ್ಡಡ್ಡ ಆಡಿಸುವುದನ್ನಾದರೂ ಕಲಿಯಬೇಕು. ಊರಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ.

ತಾವು ಕಲಿಯುವ ತನಕ ಕಾಯಲಾಗಲಿಲ್ಲ. ಮರುದಿನವೇ ಮಗಳೊಂದಿಗೆ ಬಬಲೇಶ್ವರದಲ್ಲಿ ಬಸ್ಸು ಹತ್ತಿದೆ. ಅತ್ತೆಯವರು ಬೈದರು. ಯಜಮಾನರು ಬಸ್ಸಿನವರೆಗೆ ಕೂಸನ್ನು ಹೊತ್ತು ಬಂದರು. ವಿಜಾಪುರದ ಡಾಕ್ಟರು ಸುಟ್ಟ ಕೈ ನೋಡಿ, “ಈ ಕೂಸಿನ ಹೊಣಿ ಯಾರದು?” ಎಂದು ಗದರಿದರು. “ನಂದರಿ” ಎಂದೆ. “ವಾರದಾಗ ಎರಡು ಸಲ ಬೀಳ್ತಾಳ, ನಾಲಿಗಿ ಕಚ್ಕೋತಾಳ, ಬಟ್ಟಿ ತೊಯಿಸ್ಕೋತಾಳ. ಆರಾಮ ಇಲ್ರಿ, ಒಂದೀಟೂ ಆರಾಮ ಇಲ್ಲ” ಎಂದು ಗಟ್ಟಿಯಾಗಿಯೇ ಹೇಳಿದೆ. ಬೆಂಚಿನ ಮೇಲೆ ನಮ್ಮೂರಿನವರು ಇಬ್ಬರಿದ್ದರು. ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ.

ತಮ್ಮ ವಿಶ್ವಾಸಿ, ಆದರೆ ತಮ್ಮ ಮೇಲೆ ವಿಶ್ವಾಸವಿಲ್ಲದ,
ರೇಣುಕವ್ವ

ತಾಜಾ ಕಲಂ: ಭಾವನವರಿಗೆ ಮೊನ್ನೆಯಿಂದ ಹಲ್ಲುನೋವು, ದವಡೆ ಊದಿದೆ. ದವಾಖಾನೆಗೆ ಯಾರ ಜೊತೆ ಹೋಗಬೇಕೆಂದು ತಮ್ಮನ್ನೇ ಕೇಳಲು ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದಾರೆ. ಅವಸರವೇನಿಲ್ಲ, ದೀಪಾವಳಿ ಮುಗಿಸಿಕೊಂಡು ನಿಧಾನವಾಗಿ ದಯಮಾಡಿಸಿ.